ಮಗುವಿನ ಹಿಂದೆ ಬಾರದ ಕಾಗದ

ಊರು ಬಿಟ್ಟು ಊರಿಗೆ ಹೊರಡುವ ಸಂಸಾರವು ಪಾತ್ರೆ ಪಡಗ, ಹಾಸಿಗೆ ಹೊದಿಕೆಗಳ ಜೊತೆಗೆ ಕಾಗದಗಳ ಗಂಟೊಂದನ್ನೂ ಕಟ್ಟಿಕೊಳ್ಳುತ್ತದೆ. ಪಡಿತರ ಚೀಟಿ, ಆಧಾರ್ ಚೀಟಿ, ಜಾತಿಯ ಪ್ರಮಾಣಪತ್ರ, ಮಕ್ಕಳಿದ್ದರೆ ಶಾಲೆಯ ವರ್ಗಾವಣೆ ಪತ್ರ. ಆ ಮಕ್ಕಳಲ್ಲೊಂದು ಕಿವಿ ಕೇಳಿಸದ, ಕಣ್ಣು ಕಾಣಿಸದ, ಇಲ್ಲವೆ ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಗುವಾಗಿದ್ದರೆ ಗಂಟು ಇನ್ನಷ್ಟು ದಪ್ಪವಾಗುತ್ತದೆ. ವೈದ್ಯ ಮಂಡಳಿಯ ಪ್ರಮಾಣಪತ್ರ, ಕೇಂದ್ರ ಸರಕಾರದ ವಿಶಿಷ್ಟ ಗುರುತಿನ ಚೀಟಿ, ಆಸ್ಪತ್ರೆಯ ಹಳೆಯ ಔಷಧ ಚೀಟಿಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಇಷ್ಟೆಲ್ಲ ಬಂದರೂ ಒಂದು ಕಾಗದ ಮಾತ್ರ ಹಿಂದೆಯೇ ಉಳಿಯುತ್ತದೆ. ಈ ಮಗುವಿಗೆ ಇದುವರೆಗೆ ಏನನ್ನು ಕಲಿಸಲಾಯಿತು, ಹೇಗೆ ಕಲಿಸಲಾಯಿತು, ಅದರಲ್ಲಿ ಯಾವುದು ಹತ್ತಿತು, ಯಾವುದು ಹತ್ತಲಿಲ್ಲ ಎಂದು ತಿಳಿಸುವ ಕಾಗದ ಅದು.

ಈ ಪ್ರಶ್ನೆ ಎಲ್ಲ ಜಿಲ್ಲೆಗಳಿಗೂ ಸಂಬಂಧಿಸಿದ್ದೇ. ಆದರೆ ಬೀದರ ಜಿಲ್ಲೆಗೆ ಅದು ಹೆಚ್ಚಾಗಿ ತಟ್ಟುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದು ಸಂಸ್ಥಾನದ ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಕಡೆಯ ಭಾಗ ಆಂಧ್ರಕ್ಕೆ ಹೋಯಿತು, ಇಂದು ಅದು ತೆಲಂಗಾಣ. ಉಳಿದದ್ದು ನಮ್ಮ ಪಾಲಿಗೆ ಬಂತು. ಭೂಪಟದ ಮೇಲೆ ಗೆರೆ ಎಳೆದುದು ನಿಜ. ನಂಟಸ್ತಿಕೆ, ಸಂತೆ, ಕೂಲಿ ಇವುಗಳಿಗೆ ಆ ಗೆರೆ ಇಂದಿಗೂ ಅರ್ಥವಾಗಿಲ್ಲ. ಭಾಲ್ಕಿಯಲ್ಲಿ ಹತ್ತಿದ ರೈಲು ಕಮಲನಗರವನ್ನು ದಾಟಿ ಉದಗೀರದಲ್ಲಿ ನಿಲ್ಲುತ್ತದೆ. ಔರಾದಿನ ತಾಂಡಾಗಳಿಂದ ಕೂಲಿಗಾಗಿ ಹೈದರಾಬಾದಿಗೂ ಪುಣೆ, ಮುಂಬಯಿಗಳಿಗೂ ಹೋಗಿ ಬರುವ ಕುಟುಂಬಗಳು ಸಾಕಷ್ಟುಂಟು. ಬೀದರ ಪಟ್ಟಣಕ್ಕಂತೂ ಊರು ಬದಲಿಸಿದ ವಿದ್ಯಾರ್ಥಿ ಹೊಸಬನಲ್ಲ. 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ ದೂರದೇಶದವರನ್ನೂ ಬರಮಾಡಿಕೊಂಡಿತ್ತು. ಆದರೆ ಅಲ್ಲಿಗೆ ಬಂದವರು ತಾವು ಏನನ್ನು ಬಲ್ಲೆವೆಂಬುದನ್ನು ತಮ್ಮ ಬಾಯಿಂದಲೇ ಹೇಳಬಲ್ಲವರಾಗಿದ್ದರು.

ನಮ್ಮ ಮಾತಿನ ಮಗು ಹಾಗೆ ಹೇಳಲಾರದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಔರಾದ ತಾಲ್ಲೂಕಿನ ಗಡಿಯ ಹಳ್ಳಿಯೊಂದರಲ್ಲಿ ಮರಾಠಿ ಮಾಧ್ಯಮದ ಸರಕಾರಿ ಶಾಲೆ. ಅಲ್ಲಿ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗ, ವಯಸ್ಸು ಒಂಬತ್ತು, ಬೌದ್ಧಿಕ ನ್ಯೂನತೆಯುಳ್ಳವನು. ಸಂಪನ್ಮೂಲ ಶಿಕ್ಷಕರೊಬ್ಬರು ಆಗಾಗ ಶಾಲೆಗೆ ಬಂದು ಅವನನ್ನು ಗಮನಿಸಿದ್ದಾರೆ. ಹಲಗೆಯ ಮೇಲೆ ಬರೆದ ಅಂಕಿ ಅವನಿಗೆ ತಿಳಿಯದು, ತೊಗರಿ ಕಾಳುಗಳನ್ನು ಕೈಗೆ ಕೊಟ್ಟರೆ ಹನ್ನೆರಡರವರೆಗೆ ತಪ್ಪದೆ ಎಣಿಸುತ್ತಾನೆ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಾನೆ. ಬಾಗಿಲ ಬಳಿ ಕೂರಿಸಿದರೆ ಒಂದು ಗಂಟೆ ನೆಮ್ಮದಿಯಾಗಿ ಇರುತ್ತಾನೆ. ಈ ನಾಲ್ಕು ಸಂಗತಿಗಳನ್ನು ಕಂಡುಕೊಳ್ಳಲು ಆ ಶಿಕ್ಷಕರಿಗೆ ಎರಡು ವರ್ಷ ಹಿಡಿಯಿತು ಎಂದಿಟ್ಟುಕೊಳ್ಳಿ. ತಂದೆಗೆ ಬೀದರ ಪಟ್ಟಣದಲ್ಲಿ ಕೆಲಸ ದೊರೆಯುತ್ತದೆ. ಸಂಸಾರ ಡಿಸೆಂಬರಿನಲ್ಲಿ ಹೊರಟು ಬರುತ್ತದೆ. ಹುಡುಗ ಮನೆಯ ಪಕ್ಕದ ಕನ್ನಡ ಶಾಲೆಗೆ ಸೇರುತ್ತಾನೆ. ದೂರ ನಲವತ್ತು ಕಿಲೋಮೀಟರುಗಳ ಆಸುಪಾಸು. ಜಿಲ್ಲೆ ಒಂದೇ, ಇಲಾಖೆ ಒಂದೇ. ಆದರೂ ತೊಗರಿ ಕಾಳಿನ ವಿಷಯ ಹೊಸ ಶಾಲೆಯವರಿಗೆ ಯಾರು ಹೇಳಬೇಕು?

ಶಾಲೆಗೆ ಸೇರಿಸಿಕೊಳ್ಳುವ ಮಟ್ಟಿಗೆ ಕಾಯಿದೆಯು ಉದಾರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಐದನೆಯ ಪ್ರಕರಣದಂತೆ, ರಾಜ್ಯದೊಳಗಾಗಲಿ ಹೊರಗಾಗಲಿ ಯಾವ ಕಾರಣದಿಂದ ಶಾಲೆ ಬದಲಿಸಬೇಕಾಗಿ ಬಂದರೂ ವರ್ಗಾವಣೆ ಕೇಳುವ ಹಕ್ಕು ಮಗುವಿಗುಂಟು. ಮುಖ್ಯೋಪಾಧ್ಯಾಯರು ಆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆಯು ಪ್ರವೇಶವನ್ನು ತಡೆಯುವಂತಿಲ್ಲ. 2012ರ ತಿದ್ದುಪಡಿಯು ಈ ಕಾಯಿದೆಯೊಳಕ್ಕೆ ವಿಕಲಚೇತನ ಮಕ್ಕಳನ್ನು ಸ್ಪಷ್ಟವಾಗಿ ತಂದಿತು; ತೀವ್ರ ಇಲ್ಲವೆ ಬಹುವಿಧದ ನ್ಯೂನತೆಯುಳ್ಳ ಮಗುವು ಮನೆಯಲ್ಲಿಯೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದೆಂದೂ ಹೇಳಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇನ್ನೂ ಮುಂದೆ ಹೋಯಿತು. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟ ನ್ಯೂನತೆಯುಳ್ಳ ಮಗುವಿಗೆ ಆರರಿಂದ ಹದಿನೆಂಟನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣ, ನೆರೆಯ ಶಾಲೆಯಲ್ಲಾದರೂ ಸರಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾದರೂ ಸರಿ. ಒಂದು ಕಡೆ ಪಡೆದ ಪ್ರಮಾಣಪತ್ರ ದೇಶದುದ್ದಕ್ಕೂ ಸಲ್ಲುತ್ತದೆ. ಆದುದರಿಂದ, ಬೇರೆ ತಾಲ್ಲೂಕಿನಿಂದಲೋ ಬೇರೆ ರಾಜ್ಯದಿಂದಲೋ ಬಂದ ಮಗುವನ್ನು ‘ಇಲ್ಲಿಯ ಪ್ರಮಾಣಪತ್ರ ತಾ’ ಎಂದು ಹಿಂದಕ್ಕೆ ಕಳುಹಿಸಲು ಯಾವ ಮೇಜಿಗೂ ಅಧಿಕಾರವಿಲ್ಲ. ತಂದೆತಾಯಿಗಳಿಗೆ ಈ ಒಂದು ಸಂಗತಿ ತಿಳಿದಿದ್ದರೂ ಎಷ್ಟೋ ದಿನಗಳ ಕೂಲಿ ಉಳಿದೀತು.

ಬಾಗಿಲು ತೆರೆದದ್ದಾಯಿತು. ಒಳಗೆ ಬಂದ ಮೇಲೆ ಏನು? ಕರ್ನಾಟಕದ ಶಾಲೆಗಳಲ್ಲಿ ವಿದ್ಯಾರ್ಥಿಯ ದಾಖಲೆಯು ಸ್ಯಾಟ್ಸ್ ಎಂಬ ಗಣಕಯಂತ್ರದ ವ್ಯವಸ್ಥೆಯಲ್ಲಿ ಇರುತ್ತದೆ. ದೇಶದ ಮಟ್ಟದಲ್ಲಿ ಯುಡೈಸ್ ಎಂಬುದುಂಟು, ಅದರಲ್ಲಿ ಪ್ರತಿ ಮಗುವಿಗೂ ಒಂದು ಕಾಯಂ ಸಂಖ್ಯೆ. ಹುಡುಗನ ಹೆಸರು, ಜನ್ಮದಿನ, ತರಗತಿ ಇವು ಗುಂಡಿ ಒತ್ತಿದೊಡನೆ ಹೊಸ ಶಾಲೆಗೆ ಬರುತ್ತವೆ. ವಿಶೇಷ ಅಗತ್ಯವುಳ್ಳ ಮಗುವೆ? ಹೌದು. ಯಾವ ಬಗೆಯ ನ್ಯೂನತೆ? ಬೌದ್ಧಿಕ. ಯಂತ್ರವು ಹೊತ್ತು ತರುವ ಜ್ಞಾನ ಇಲ್ಲಿಗೆ ಮುಗಿಯಿತು. ಬಾಗಿಲ ಬಳಿಯ ಜಾಗ, ತೊಗರಿ ಕಾಳು, ಗದ್ದಲದ ಭಯ, ಇವುಗಳಿಗೆ ಅಲ್ಲಿ ಅಂಕಣವಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವಿಗಾಗಿ ವೈಯಕ್ತಿಕ ಶಿಕ್ಷಣ ಯೋಜನೆಯೊಂದನ್ನು ಬರೆದಿಡಬೇಕೆಂಬ ಏರ್ಪಾಡಿದೆ. ಆದರೆ ಬರೆದ ಯೋಜನೆ ಸಾಮಾನ್ಯವಾಗಿ ಬರೆದವರ ಕಡತದಲ್ಲಿಯೇ ಉಳಿಯುತ್ತದೆ. ಬರೆದವರೂ ವರ್ಗವಾದರೆ, ಆ ಎರಡು ವರ್ಷಗಳ ಅನುಭವ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಆಗ ಹೊಸ ಶಾಲೆಯವರು ‘ಮರುಪರೀಕ್ಷೆ ಮಾಡಿಸಿ’ ಎನ್ನುತ್ತಾರೆ. ಈ ಮರುಪರೀಕ್ಷೆ ಎಂಬ ಶಬ್ದದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಲಸಿಹೋಗಿವೆ. ನನ್ನ ದೃಷ್ಟಿಯಲ್ಲಿ ತೊಡಕಿನ ಬೇರು ಇರುವುದು ಇಲ್ಲಿಯೇ. ಒಂದು ವೈದ್ಯರ ಪರೀಕ್ಷೆ. ಅದು ನ್ಯೂನತೆಯ ಪ್ರಮಾಣವನ್ನು ಅಳೆಯುತ್ತದೆ. ಪಿಂಚಣಿ, ಪ್ರವಾಸದ ರಿಯಾಯಿತಿ, ವಿದ್ಯಾರ್ಥಿವೇತನ ಇವುಗಳಿಗೆ ಬೇಕಾದುದು ಅದು. ಇನ್ನೊಂದು ಉಪಾಧ್ಯಾಯರ ಪರೀಕ್ಷೆ. ಮಗು ಇಂದು ಎಲ್ಲಿ ನಿಂತಿದೆ, ನಾಳೆ ಯಾವ ಹೆಜ್ಜೆ ಇಡಬಲ್ಲದು ಎಂಬುದನ್ನು ಅದು ಕೇಳುತ್ತದೆ. ಊರು ಬದಲಾದುದರಿಂದ ಮೊದಲನೆಯದು ಬೇಕಾಗುವುದಿಲ್ಲ. ಅದಕ್ಕೆ ತನ್ನದೇ ಆದ ಕಾಲವುಂಟು: 2018ರ ಜನವರಿಯಲ್ಲಿ ಪ್ರಕಟವಾದ ಕೇಂದ್ರದ ಮಾರ್ಗಸೂಚಿಯು ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರವನ್ನು ಐದು, ಹತ್ತು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ನವೀಕರಿಸಬೇಕೆಂದಿತ್ತು, ಕಲಿಕೆಯ ನಿರ್ದಿಷ್ಟ ನ್ಯೂನತೆಗೆ ಹದಿನಾಲ್ಕು ಮತ್ತು ಹದಿನೆಂಟರಲ್ಲಿ ಮರುಪರೀಕ್ಷೆ ಎಂದಿತ್ತು. ಆ ಮಾರ್ಗಸೂಚಿ 2024ರಲ್ಲಿ ಪರಿಷ್ಕೃತವಾಯಿತು. ಪ್ರಮಾಣಪತ್ರದ ಮೇಲೆಯೇ ಅವಧಿ ಬರೆದಿರುವುದರಿಂದ ಅದನ್ನು ಓದಿ ನೋಡಿದರೆ ಸಾಕು. ಎರಡನೆಯ ಪರೀಕ್ಷೆಯಾದರೋ ಊರು ಬದಲಾದ ಕ್ಷಣವೇ ಬೇಕಾದುದು. ವಿಪರ್ಯಾಸವೆಂದರೆ ಬೇಡವಾದ ಮೊದಲನೆಯದಕ್ಕಾಗಿ ಓಡಾಟ ನಡೆಯುತ್ತದೆ, ಬೇಕಾದ ಎರಡನೆಯದು ನಡೆಯುವುದೇ ಇಲ್ಲ. ಬೌದ್ಧಿಕ ನ್ಯೂನತೆಯಂಥ ಸಂಗತಿಗಳಿಗೆ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಬೇಕಾಗುವುದರಿಂದ ಭಾಲ್ಕಿ, ಔರಾದಿನವರಿಗೆ ಜಿಲ್ಲಾ ಕೇಂದ್ರದ ಆಸ್ಪತ್ರೆಯೇ ಗತಿ. ಒಂದು ದಿನ ಬಂದು ಹೋಗುವುದೆಂದರೆ ತಾಯಿಯ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ.

ಶೇಕಡಾವಾರಿನ ಮೇಲೆ ನಮಗಿರುವ ಭಕ್ತಿಯನ್ನು ಕುರಿತು ಒಂದು ಮಾತು. 2018ರ ಆ ಮಾರ್ಗಸೂಚಿಯ ಪ್ರಕಾರ, ಸಾಮಾಜಿಕ ಪ್ರೌಢತೆಯ ಮಾಪನದಲ್ಲಿ 55ರಿಂದ 69ರೊಳಗೆ ಅಂಕ ಬಂದ ಎಲ್ಲರಿಗೂ ಶೇಕಡಾ 50. 36ರಿಂದ 54ರೊಳಗಿನ ಎಲ್ಲರಿಗೂ ಶೇಕಡಾ 75. ಆಡಳಿತಕ್ಕೆ ಇಂಥ ಮೆಟ್ಟಿಲುಗಳು ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ಮೆಟ್ಟಿಲ ಮೇಲೆ ನಿಂತ ಇಬ್ಬರು ಮಕ್ಕಳಲ್ಲಿ ಒಬ್ಬಳು ಅಂಗಡಿಗೆ ಹೋಗಿ ಬೆಲ್ಲ ತರಬಲ್ಲಳು, ಇನ್ನೊಬ್ಬನು ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾರನು. ‘ಶೇಕಡಾ 75’ ಎಂಬ ಅಂಕೆಯನ್ನು ಓದಿದ ಉಪಾಧ್ಯಾಯರು ಈ ಇಬ್ಬರಲ್ಲಿ ಯಾರನ್ನು ಕಂಡಾರು?

ಇನ್ನು ಭಾಷೆಯ ಪ್ರಶ್ನೆ. ಗಡಿನಾಡಿನಲ್ಲಿ ಇದೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಔರಾದಿನ ಹುಡುಗನನ್ನು ಬೀದರದ ಕನ್ನಡ ಶಾಲೆಯಲ್ಲಿ ಕನ್ನಡದಲ್ಲಿಯೇ ಪರೀಕ್ಷಿಸಿದರೆ ಅವನು ಹನ್ನೆರಡರವರೆಗೆ ಎಣಿಸುವುದಿಲ್ಲ. ‘ಒಂದು’ ಎಂದರೆ ಏನೆಂಬುದೇ ಅವನಿಗೆ ತಿಳಿಯದು. ‘ಏಕ್, ದೋನ್’ ಎಂದಿದ್ದರೆ ಬೆರಳು ಮಡಿಸುತ್ತಿದ್ದ. ಹೊಸ ಭಾಷೆ ಬಾರದುದನ್ನು ಬುದ್ಧಿ ಇನ್ನಷ್ಟು ಕುಂದಿದೆಯೆಂದು ಬರೆದುಕೊಂಡರೆ ಆ ಬರಹ ಮುಂದೆ ಹತ್ತು ವರ್ಷ ಅವನ ಬೆನ್ನು ಬಿಡುವುದಿಲ್ಲ. ಇದು ನಮ್ಮಲ್ಲಿ ಮಾತ್ರ ನಡೆಯುವ ಪ್ರಮಾದವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ಅವರ ಮನೆಮಾತಿನ ನೆರವಿನಿಂದ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ಗೊತ್ತಾಯಿತು. ಡಯಾನಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯ 1970ರಲ್ಲಿ ರಾಜಿಯಾಯಿತು. ಅಲ್ಲಿಂದ ಮುಂದೆ ಮಗುವನ್ನು ಅದರ ಭಾಷೆಯಲ್ಲಿಯೇ ಪರೀಕ್ಷಿಸಬೇಕೆಂಬ ನಿಯಮ ಬಂತು.

ನಮ್ಮಲ್ಲಿ ಇದರ ಅರಿವು ಅದಕ್ಕೂ ಹಿಂದೆಯೇ ಇತ್ತೆಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಒಗ್ಗಿಸಲು ವಿ. ವಿ. ಕಾಮತರು 1930ರ ದಶಕದಲ್ಲಿ ದುಡಿದಾಗ ಆರಿಸಿಕೊಂಡ ಭಾಷೆಗಳು ಎರಡು: ಕನ್ನಡ ಮತ್ತು ಮರಾಠಿ. ಔರಾದಿಗೆ ಬೇಕಾದುವು ಸರಿಯಾಗಿ ಆ ಎರಡೇ! ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೇಶದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನು ಕಂಡುಹಿಡಿಯಲು 2018ರ ಮಾರ್ಗಸೂಚಿ ಹೆಸರಿಸಿದ ಪರೀಕ್ಷಾಮಾಲೆಯೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದೇ. ಸಾಧನಗಳಿಲ್ಲವೆಂದು ದೂರುವ ಹಾಗಿಲ್ಲ.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ಈ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ನಿಜಾಮನ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಮಗುವು ತನ್ನ ಮನೆಮಾತಿನಲ್ಲಿ ಕಲಿಯಬೇಕೆಂಬುದಕ್ಕೆ ಅಂದು ಅಷ್ಟು ದೊಡ್ಡ ಅಪಾಯವನ್ನು ಎದುರಿಸಿದ ನೆಲ ಇದು. ಇಂದು ಫಲಕ ಕನ್ನಡದ್ದೇ, ಪಾಠವೂ ಕನ್ನಡದ್ದೇ, ಸಂತೋಷ. ಆದರೆ ಒಳಗೆ ಕುಳಿತ ವಿಶೇಷ ಮಗುವಿನ ಮನೆಮಾತು ಮರಾಠಿಯೋ ದಖನಿಯೋ ಲಂಬಾಣಿಯೋ ಆಗಿದ್ದರೆ ಅಂದಿನ ತತ್ತ್ವವನ್ನು ಅದಕ್ಕೂ ಅನ್ವಯಿಸಬೇಡವೆ? ಕನ್ನಡವನ್ನು ಅದು ಕಲಿಯಲಿ, ಕಲಿಯಲೇಬೇಕು. ಅದರ ಬುದ್ಧಿಯನ್ನು ಮಾತ್ರ ಅದರ ಕನ್ನಡದಿಂದ ಅಳೆಯಬಾರದು.

ಅಮೆರಿಕದ ಮಾತು ಬಂದದ್ದರಿಂದ ಅಲ್ಲಿಯ ಏರ್ಪಾಡನ್ನು ಇನ್ನಷ್ಟು ನೋಡಬಹುದು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಇದು ಕೆಲಸದ ವಿಷಯವೇ. ಅಲ್ಲಿ ಶಾಲಾ ಜಿಲ್ಲೆಯೆಂಬುದು ತನ್ನದೇ ಮಂಡಳಿ, ತನ್ನದೇ ಹಣಕಾಸು ಉಳ್ಳ ಸ್ವತಂತ್ರ ಘಟಕ. 1975ರ ಶಾಸನ ಮತ್ತು ಅದರ ಮುಂದಿನ ತಿದ್ದುಪಡಿಗಳ ಪ್ರಕಾರ ವಿಶೇಷ ಶಿಕ್ಷಣದ ಮಗುವಿಗೆ ಲಿಖಿತ ಯೋಜನೆ ಇರಲೇಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಪುನರ್ಮೌಲ್ಯಮಾಪನ ನಡೆಯಬೇಕು, ಬೇಡವೆಂದು ತಂದೆತಾಯಿಗಳೂ ಶಾಲೆಯೂ ಒಪ್ಪಿದರೆ ಮಾತ್ರ ಬಿಡಬಹುದು. ವರ್ಷದ ನಡುವೆ ಮಗು ಅದೇ ರಾಜ್ಯದ ಇನ್ನೊಂದು ಜಿಲ್ಲೆಗೆ ಹೋದರೆ ಹೊಸ ಜಿಲ್ಲೆಯು ಹಳೆಯ ಯೋಜನೆಗೆ ಸಮಾನವಾದ ನೆರವನ್ನು ಮೊದಲ ದಿನದಿಂದಲೇ ಕೊಡಬೇಕು. ಆ ಬಳಿಕ ಹಳೆಯದನ್ನೇ ಒಪ್ಪಿಕೊಳ್ಳಲಿ, ಹೊಸದನ್ನು ಬರೆಯಲಿ. ಬೇರೆ ರಾಜ್ಯಕ್ಕೆ ಹೋದರೂ ಹೀಗೆಯೇ, ಹೊಸದಾಗಿ ಪರೀಕ್ಷೆ ಮುಗಿಯುವವರೆಗೆ ನೆರವು ನಿಲ್ಲುವಂತಿಲ್ಲ. ಹೊಸ ಶಾಲೆ ದಾಖಲೆಗಳನ್ನು ಬೇಗನೆ ಕೇಳಬೇಕು, ಹಳೆಯದು ಬೇಗನೆ ಕಳುಹಿಸಬೇಕು ಎಂಬುದೂ ಕಾಯಿದೆಯ ಭಾಗ. ಅಲ್ಲಿಯೂ ಜಗಳಗಳು, ವಕೀಲರು, ತಂದೆತಾಯಿಗಳ ಕಣ್ಣೀರು ಎಲ್ಲ ಉಂಟು. ಅದನ್ನು ಸ್ವರ್ಗವೆಂದು ಬಣ್ಣಿಸುವ ಇಚ್ಛೆ ನನಗಿಲ್ಲ. ‘ಪರೀಕ್ಷೆ ಮುಗಿಯುವವರೆಗೆ ಹಳೆಯದು ನಡೆಯಲಿ’ ಎಂಬ ಆ ಒಂದು ನಿಯಮವನ್ನು ಮಾತ್ರ ನಾವು ಎರವಲು ತರಬಹುದು. ಅದಕ್ಕೆ ಹಣ ಬೇಕಾಗಿಲ್ಲ.

ನಮ್ಮ 2016ರ ಕಾಯಿದೆಯಲ್ಲಿ ಅದರ ಬೀಜವಿದೆ. ಹದಿನಾರನೆಯ ಪ್ರಕರಣವು ಪ್ರತಿಯೊಬ್ಬ ವಿಕಲಚೇತನ ವಿದ್ಯಾರ್ಥಿಯ ಭಾಗವಹಿಸುವಿಕೆ, ಕಲಿಕೆಯ ಪ್ರಗತಿ, ಶಿಕ್ಷಣದ ಪೂರ್ಣತೆ ಇವುಗಳ ಮೇಲೆ ನಿಗಾ ಇಡಬೇಕೆನ್ನುತ್ತದೆ. ಮಗು ಊರು ಬದಲಿಸಿದೊಡನೆ ಕಡಿದುಹೋಗುವ ನಿಗಾ ನಿಗಾ ಹೇಗಾದೀತು? ಹದಿನೇಳನೆಯ ಪ್ರಕರಣವು ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೇಳುತ್ತದೆ. ಎಂಟನೆಯ ತರಗತಿಯಲ್ಲಿ ಒಂದು ಶಾಲೆ ಕೊಟ್ಟಿದ್ದ ವಿನಾಯಿತಿಯ ಕಾಗದ ಹತ್ತನೆಯ ತರಗತಿಯ ಹೊತ್ತಿಗೆ ಇನ್ನೊಂದು ಶಾಲೆಗೆ ತಲುಪದಿದ್ದರೆ ನಷ್ಟ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲವನ್ನೂ ಮಾಡುವವರು ಯಾರು? ಈ ಪ್ರಶ್ನೆ ನ್ಯಾಯವಾದದ್ದೇ. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಹಳ್ಳಿಹಳ್ಳಿಗೆ ತಿರುಗುವವರು. ಬೆರಳೆಣಿಕೆಯ ಜನ, ನೂರಾರು ಶಾಲೆಗಳು. 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಕಿರಿಯ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದಿತು. ರಾಜ್ಯಗಳು ಹಿಂದುಮುಂದು ನೋಡಿದುದರಿಂದ 2025ರ ಮಾರ್ಚಿಯಲ್ಲಿ ಹುದ್ದೆಗಳನ್ನು ಅಧಿಸೂಚಿಸಿರೆಂದು ಮತ್ತೆ ಅಪ್ಪಣೆಯಾಯಿತು. ಹುದ್ದೆ ತುಂಬುವವರೆಗೆ ತರಗತಿಯ ಉಪಾಧ್ಯಾಯರೇ ಕೈಲಾದುದನ್ನು ಮಾಡಬೇಕು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಹೊರತಂದ ಪ್ರಶಸ್ತ್ ಎಂಬ ಪ್ರಶ್ನಾವಳಿಯ ಮೊದಲ ಭಾಗವನ್ನು ಅವರೇ ತುಂಬಬಹುದು. ಆದರೆ ಅದು ನ್ಯೂನತೆಯ ಶಂಕೆಯನ್ನು ಗುರುತಿಸುವ ಜರಡಿ, ಕಲಿಸುವ ದಾರಿಯನ್ನು ತೋರುವ ದೀಪವಲ್ಲ. ಈಗಾಗಲೇ ಗುರುತಿಸಲ್ಪಟ್ಟ ಮಗುವನ್ನು ಹೊಸ ಶಾಲೆಯಲ್ಲಿ ಮತ್ತೆ ಅದೇ ಜರಡಿಗೆ ಹಾಕುವುದರಿಂದ ಕಾಲಹರಣವೇ ಹೊರತು ಬೇರೆ ಪ್ರಯೋಜನವಿಲ್ಲ.

ಜಿಲ್ಲೆಯೊಳಗಿನ ಬದಲಾವಣೆಗೆ ಪರಿಹಾರ ಸುಲಭ. ವರ್ಗಾವಣೆ ಪತ್ರ ಕೊಡುವ ಮುಖ್ಯೋಪಾಧ್ಯಾಯರು ಒಂದು ಹಾಳೆ ಹೆಚ್ಚಿಗೆ ಬರೆದು, ಮಗು ಬಲ್ಲದ್ದೇನು, ಬೇಡುವುದೇನು, ಹೆದರುವುದೇನು, ಯಾವ ಭಾಷೆಯಲ್ಲಿ ಮಾತನಾಡಿಸಬೇಕು ಎಂದು ತಿಳಿಸಿ ಸಹಿ ಹಾಕಿ ತಾಯಿಯ ಕೈಗೆ ಕೊಡಲಿ. ವೈಯಕ್ತಿಕ ಯೋಜನೆಯ ಪ್ರತಿಯನ್ನು ಅದರೊಡನೆ ಲಗತ್ತಿಸಲಿ. ಔರಾದಿನ ಸಂಪನ್ಮೂಲ ಶಿಕ್ಷಕರು ಬೀದರಿನವರಿಗೆ ದೂರವಾಣಿಯಲ್ಲಿ ಹತ್ತು ನಿಮಿಷ ಮಾತನಾಡಿದರೆ ಎರಡು ವರ್ಷದ ಶ್ರಮ ಉಳಿಯುತ್ತದೆ. ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರುಂಟು. ಅವರೂ ಬಹುಮಟ್ಟಿಗೆ ವಿಕಲಚೇತನರೇ, ಮನೆಮನೆಯನ್ನು ಬಲ್ಲವರು. ಯಾವ ಮನೆ ಬೀಗ ಹಾಕಿದೆ, ಯಾವ ಮಗು ಎಲ್ಲಿಗೆ ಹೋಯಿತು ಎಂಬುದು ಇಲಾಖೆಗಿಂತ ಮೊದಲು ತಿಳಿಯುವುದು ಅವರಿಗೇ. ತಂದೆತಾಯಿಗಳಂತೂ ಹೊರಡುವ ಮುನ್ನ ಆ ಹಾಳೆಯನ್ನು ಕೇಳಿ ಪಡೆಯಬೇಕು. ಹೊಸ ಊರಿನಲ್ಲಿ ಅದನ್ನು ಅರ್ಜಿಯ ಜೊತೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಮೂಲ ಪ್ರಮಾಣಪತ್ರಗಳನ್ನು ಯಾವ ಕಚೇರಿಯಲ್ಲೂ ಬಿಟ್ಟು ಬರಬಾರದು.

ರಾಜ್ಯದ ಗಡಿ ದಾಟಿದಾಗ ಮಾತ್ರ ತೊಡಕು ದೊಡ್ಡದು. ಉದಗೀರದ ಮರಾಠಿ ಶಾಲೆಗೆ ಕನ್ನಡದಲ್ಲಿ ಬರೆದ ಹಾಳೆ ಒಯ್ದರೆ ಓದುವವರಿಲ್ಲ. ಜಹೀರಾಬಾದಿನಿಂದ ತೆಲುಗಿನಲ್ಲಿ ಬರೆದು ತಂದರೆ ಭಾಲ್ಕಿಯಲ್ಲಿ ಓದುವವರು ವಿರಳ. ಗಡಿಯ ಮೂರು ಕಡೆಯ ಶಿಕ್ಷಣಾಧಿಕಾರಿಗಳು ಕುಳಿತು ಮೂರು ಭಾಷೆಗಳಲ್ಲೂ ಅಚ್ಚಾದ ಒಂದೇ ನಮೂನೆಯನ್ನು ಒಪ್ಪಿಕೊಳ್ಳುವುದು ಅಸಾಧ್ಯವೇನಲ್ಲ. ಬೆಳೆ ರೋಗಕ್ಕೂ ದನಗಳ ಕಾಲುಬಾಯಿ ಜ್ವರಕ್ಕೂ ಗಡಿಯಾಚೆಯವರೊಡನೆ ಸಮಾಲೋಚಿಸಬಹುದಾದರೆ ಈ ಮಕ್ಕಳಿಗಾಗಿಯೂ ಸಮಾಲೋಚಿಸಬಹುದು.

ತಾಂಡಾಗಳ ಮಕ್ಕಳದು ಇನ್ನೂ ಉಳಿದ ಮಾತು. ಸಾಮಾಜಿಕ ಪ್ರೌಢತೆಯ ಮಾಪನ, ನಾಗಪುರದಲ್ಲಿ ಮಾಲಿನ್ ಎಂಬವರು ನಮ್ಮ ದೇಶಕ್ಕೆ ಒಗ್ಗಿಸಿದ್ದು, ನಡೆಯುವುದು ತಾಯಿಯನ್ನು ಪ್ರಶ್ನಿಸುವುದರ ಮೂಲಕ: ಮಗು ತಾನೇ ಉಣ್ಣುತ್ತದೆಯೆ, ನೀರು ಕೇಳುತ್ತದೆಯೆ, ಬಿಸಿ ಒಲೆಯಿಂದ ದೂರ ಸರಿಯುತ್ತದೆಯೆ. ಔರಾದಿನ ತಾಂಡಾದ ತಾಯಿಯೊಬ್ಬಳು ಹೈದರಾಬಾದಿನ ಕಟ್ಟಡ ಕೆಲಸದಿಂದ ಮಳೆಗಾಲಕ್ಕೆ ಮರಳಿ ಬಂದು ಈ ಪ್ರಶ್ನೆಗಳ ಮುಂದೆ ಕುಳಿತಾಗ ಪ್ರಶ್ನೆ ಕನ್ನಡದಲ್ಲಿಯೋ ಹಿಂದಿಯಲ್ಲಿಯೋ ಇರುತ್ತದೆ. ಅವಳ ಮಾತು ಲಂಬಾಣಿ, ಮಗುವಿನದೂ ಅದೇ. ಕಾಮತರ ಎರಡು ಭಾಷೆಗಳು ಅಲ್ಲಿಗೆ ಸಾಲವು. ಅದೇ ತಾಂಡಾದಲ್ಲಿ ಓದಿ ಉಪಾಧ್ಯಾಯರಾದವರು ಇಂದು ಜಿಲ್ಲೆಯ ಶಾಲೆಗಳಲ್ಲಿದ್ದಾರೆ. ಪರೀಕ್ಷೆಯ ದಿನ ಅವರಲ್ಲೊಬ್ಬರನ್ನು ಆ ತಾಯಿಯ ಪಕ್ಕದಲ್ಲಿ ಕೂರಿಸಲು ಒಂದು ಸುತ್ತೋಲೆ ಸಾಕು.